ಔಷಧಗಳ ವಿವೇಚನಾಯುಕ್ತ ಬಳಕೆ ಮತ್ತು ಪಶ್ಚಿಮ ಬೆಂಗಳೂರು

ಸಂಜೆ ಏಳು ಗಂಟೆಯ ಹೊತ್ತಿಗೆ ವಿಜಯನಗರದ ಮಾರೇನಹಳ್ಳಿಯಲ್ಲಾಗಲಿ, ಬಸವೇಶ್ವರನಗರದ ಹಾವನೂರು ವೃತ್ತದ ಆಸುಪಾಸಿನಲ್ಲಾಗಲಿ ಯಾವುದಾದರೊಂದು ಔಷಧದಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಮೂರು ಬಗೆಯ ಗಿರಾಕಿಗಳು ಕಾಣಸಿಗುತ್ತಾರೆ. ವೈದ್ಯರ ಚೀಟಿ ಹಿಡಿದು ಬಂದವರು ಒಂದು ಬಗೆ. ಎರಡು ವರ್ಷದ ಹಿಂದಿನ ಚೀಟಿಯನ್ನೇ ಮತ್ತೆ ಚಾಚುವವರು, ಇಲ್ಲವೇ ಖಾಲಿ ಸ್ಟ್ರಿಪ್ ತೋರಿಸಿ ‘ಇದೇ ಕೊಡಿ’ ಎನ್ನುವವರು ಎರಡನೆಯ ಬಗೆ. ಚೀಟಿಯೂ ಇಲ್ಲದೆ, ಸ್ಟ್ರಿಪ್ಪೂ ಇಲ್ಲದೆ, ‘ಮಗುವಿಗೆ ಮೂರು ದಿನದಿಂದ ನೆಗಡಿ, ಏನಾದರೂ ಒಳ್ಳೆಯದು ಕೊಡಿ’ ಎಂದು ಕೇಳುವವರು ಮೂರನೆಯ ಬಗೆ. ಮೂವರೂ ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಈ ಮೂವರಲ್ಲಿ ಯಾರಿಗೆ ಔಷಧ ನಿಜಕ್ಕೂ ಬೇಕಿತ್ತು, ಬೇಕಿದ್ದರೆ ಯಾವುದು, ಎಷ್ಟು, ಎಷ್ಟು ದಿನ ಎಂಬುದೇ ‘ಔಷಧಗಳ ವಿವೇಚನಾಯುಕ್ತ ಬಳಕೆ’ ಎಂಬ ಪರಿಕಲ್ಪನೆಯ ತಿರುಳು. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಇದು ಎರಡು ಅಲಗಿನ ಸಮಸ್ಯೆ. ಒಂದೆಡೆ ಅಗತ್ಯವುಳ್ಳವರಿಗೆ ಔಷಧ ದೊರೆಯುವುದಿಲ್ಲ. ಇನ್ನೊಂದೆಡೆ ಅಗತ್ಯವಿಲ್ಲದ ಔಷಧ ಮನೆಮನೆ ಸೇರುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿನಲ್ಲಿ ಈ ಎರಡೂ ಅಕ್ಕಪಕ್ಕದಲ್ಲೇ ಇವೆ. ಗಮನಿಸಬೇಕಾದ ಸಂಗತಿಯೆಂದರೆ, ರಾಜ್ಯದ ಔಷಧ ವ್ಯವಸ್ಥೆಯ ಎರಡು ಮುಖ್ಯ ಕಚೇರಿಗಳೂ ಇದೇ ಭಾಗದಲ್ಲಿವೆ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಖರೀದಿಸುವ ಸಂಸ್ಥೆ ಮಾಗಡಿ ರಸ್ತೆಯಲ್ಲಿದ್ದರೆ, ಫಾರ್ಮಸಿಸ್ಟರನ್ನು ನೋಂದಾಯಿಸುವ ಪರಿಷತ್ತು ವಿಜಯನಗರದಲ್ಲಿದೆ. ಇವೆರಡರ ನಡುವಿನ ಅಂತರ ಕೆಲವೇ ಕಿಲೋಮೀಟರ್. ಆದರೆ ಇವುಗಳಿಗೂ ಬೀದಿಯ ಅಂಗಡಿಯ ಕೌಂಟರಿಗೂ ನಡುವೆ ಇರುವ ಅಂತರ ಅದಕ್ಕಿಂತ ಬಹಳ ದೊಡ್ಡದು.

ನೈರೋಬಿಯ ವ್ಯಾಖ್ಯೆ

1985ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ತಜ್ಞರ ಸಮ್ಮೇಳನವೊಂದನ್ನು ಕರೆಯಿತು. ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ವ್ಯಾಖ್ಯೆ ಅಲ್ಲಿ ರೂಪುಗೊಂಡದ್ದು. ರೋಗಿಯ ಕಾಯಿಲೆಗೆ ತಕ್ಕ ಔಷಧ, ಆತನ ದೇಹಕ್ಕೆ ತಕ್ಕ ಪ್ರಮಾಣದಲ್ಲಿ, ಅಗತ್ಯವಿರುವಷ್ಟು ಕಾಲ, ಆತನಿಗೂ ಆತನ ಸಮುದಾಯಕ್ಕೂ ಅತಿ ಕಡಿಮೆ ವೆಚ್ಚದಲ್ಲಿ ದೊರೆಯಬೇಕು ಎಂಬುದು ಅದರ ಸಾರ. ಮೊದಲ ಮೂರು ಅಂಶಗಳು ವೈದ್ಯಶಾಸ್ತ್ರಕ್ಕೆ ಸೇರಿದವು. ನಾಲ್ಕನೆಯದು ಅರ್ಥಶಾಸ್ತ್ರಕ್ಕೆ ಸೇರಿದ್ದು. ಬೆಲೆಯನ್ನು ವಿವೇಚನೆಯ ಭಾಗವೆಂದು ಒಪ್ಪಿಕೊಂಡದ್ದೇ ಆ ವ್ಯಾಖ್ಯೆಯ ಹೆಚ್ಚುಗಾರಿಕೆ.

ಅದಕ್ಕೆ ಪೂರ್ವಭಾವಿಯಾಗಿ ಕೆಲವು ಪ್ರಯತ್ನಗಳು ನಡೆದಿದ್ದವು. ನೆರೆಯ ಶ್ರೀಲಂಕಾದಲ್ಲಿ ಪ್ರೊ. ಸೇನಕ ಬಿಬಿಲೆಯವರ ನೇತೃತ್ವದಲ್ಲಿ 1971ರಲ್ಲಿ ಸರ್ಕಾರಿ ಔಷಧ ನಿಗಮ ಆರಂಭವಾಯಿತು. ಭಾರತದಲ್ಲಿ ಜೈಸುಖಲಾಲ್ ಹಾಥಿ ಅಧ್ಯಕ್ಷತೆಯ ಸಮಿತಿ 1975ರಲ್ಲಿ ವರದಿ ನೀಡಿ, 117 ಔಷಧಗಳನ್ನು ಅತ್ಯಗತ್ಯವೆಂದು ಪಟ್ಟಿ ಮಾಡಿತಲ್ಲದೆ, ಕಂಪನಿ ಹೆಸರುಗಳನ್ನು ಹಂತಹಂತವಾಗಿ ಕೈಬಿಟ್ಟು ಮೂಲ ಹೆಸರಿನಲ್ಲೇ ಔಷಧ ಮಾರಬೇಕೆಂದು ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಅತ್ಯಗತ್ಯ ಔಷಧಗಳ ಪಟ್ಟಿ ಹೊರಬಂದದ್ದು 1977ರಲ್ಲಿ, ಅಂದರೆ ಹಾಥಿ ವರದಿಗೆ ಎರಡು ವರ್ಷಗಳ ತರುವಾಯ. 1982ರಲ್ಲಿ ಬಾಂಗ್ಲಾದೇಶವು ನೂರಾರು ಅನಗತ್ಯ ಔಷಧಗಳನ್ನು ಒಂದೇ ಸುಗ್ರೀವಾಜ್ಞೆಯಿಂದ ಹೊರಗಟ್ಟಿತು. ಭಾರತದ ರಾಷ್ಟ್ರೀಯ ಪಟ್ಟಿ 1996ರಲ್ಲಿ ಸಿದ್ಧವಾಗಿ, 2003, 2011, 2015 ಮತ್ತು 2022ರಲ್ಲಿ ಪರಿಷ್ಕರಣೆಗೊಂಡಿತು. 2022ರ ಪಟ್ಟಿಯಲ್ಲಿರುವ ಔಷಧಗಳು 384. ಒಂದು ಸಾಧಾರಣ ಔಷಧದಂಗಡಿಯ ಕಪಾಟಿನಲ್ಲಿರುವ ಹೆಸರುಗಳೊಡನೆ ಈ ಸಂಖ್ಯೆಯನ್ನು ಹೋಲಿಸಿ ನೋಡಿದರೆ ಸಮಸ್ಯೆಯ ಗಾತ್ರ ತಾನಾಗಿಯೇ ತಿಳಿಯುತ್ತದೆ.

ಜಗತ್ತಿನಲ್ಲಿ ಬರೆಯುವ, ವಿತರಿಸುವ ಅಥವಾ ಮಾರುವ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೂಕ್ತವಲ್ಲದ ರೀತಿಯಲ್ಲಿ ರೋಗಿಯನ್ನು ತಲುಪುತ್ತವೆ, ತಲುಪಿದವುಗಳನ್ನೂ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಸರಿಯಾಗಿ ಸೇವಿಸುವುದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಉಲ್ಲೇಖಿಸುತ್ತ ಬಂದಿರುವ ಅಂದಾಜು.

ತಪ್ಪು ಎಲ್ಲಿ ನಡೆಯುತ್ತದೆ

ಅವಿವೇಕದ ಬಳಕೆ ಎಂದೊಡನೆ ನೆಗಡಿಗೆ ಆಂಟಿಬಯಾಟಿಕ್ ನುಂಗುವುದು ನೆನಪಾಗುತ್ತದೆ. ನೆಗಡಿ ವೈರಾಣುವಿನಿಂದ ಬರುವಂಥದ್ದು, ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ಇದು ಈಗ ಬಹುತೇಕ ವಿದ್ಯಾವಂತರಿಗೆ ತಿಳಿದಿದೆ. ತಿಳಿದೂ ನುಂಗುವುದು ಬೇರೆ ಮಾತು. ಅದಕ್ಕಿಂತ ಕಡಿಮೆ ಚರ್ಚೆಗೊಳಗಾದ, ಆದರೆ ಇಡೀ ದೇಶಕ್ಕೆ ದುಬಾರಿಯಾಗಿ ಪರಿಣಮಿಸಿದ ಉದಾಹರಣೆಯೆಂದರೆ ಹುಳುಕಡ್ಡಿಯದು.

ಗಜಕರ್ಣ, ಹುಳುಕಡ್ಡಿ ಮುಂತಾಗಿ ಕರೆಯಲಾಗುವ ಚರ್ಮದ ಈ ಸೋಂಕಿಗೆ ಶಿಲೀಂಧ್ರ ಕಾರಣ. ದಿನವಿಡೀ ಬೆವರುವ ಕಾರ್ಖಾನೆ ಕಾರ್ಮಿಕರು, ಬಿಗಿಯಾದ ಬಟ್ಟೆ ತೊಡುವವರು, ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಮಲಗುವ ಕುಟುಂಬಗಳು ಇದಕ್ಕೆ ಸುಲಭವಾಗಿ ಗುರಿಯಾಗುತ್ತಾರೆ. ಅಂಗಡಿಯಲ್ಲಿ ಕೇಳಿದರೆ ದೊರೆಯುವುದು ಹೆಚ್ಚಾಗಿ ಮಿಶ್ರಣದ ಟ್ಯೂಬ್: ಶಿಲೀಂಧ್ರನಾಶಕದ ಜೊತೆಗೆ ಒಂದು ಆಂಟಿಬಯಾಟಿಕ್, ಅದರ ಜೊತೆಗೆ ಕ್ಲೋಬೆಟಾಸಾಲ್‌ನಂಥ ತೀಕ್ಷ್ಣ ಸ್ಟೀರಾಯ್ಡ್. ಸ್ಟೀರಾಯ್ಡ್ ಎರಡೇ ದಿನದಲ್ಲಿ ತುರಿಕೆಯನ್ನು ಅಡಗಿಸುತ್ತದೆ. ‘ಮುಲಾಮು ಬಹಳ ಚೆನ್ನಾಗಿದೆ’ ಎಂಬ ಮಾತು ಮನೆಯಿಂದ ಮನೆಗೆ ಹರಡುತ್ತದೆ. ಆದರೆ ಅದೇ ಸ್ಟೀರಾಯ್ಡ್ ಚರ್ಮದ ರಕ್ಷಣಾಶಕ್ತಿಯನ್ನೂ ಕುಗ್ಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಬೆಳೆಯುತ್ತದೆ, ಟ್ಯೂಬ್ ಮುಗಿದ ವಾರದಲ್ಲಿ ಇನ್ನೂ ಅಗಲವಾಗಿ ಮರಳುತ್ತದೆ. ಚರ್ಮರೋಗ ತಜ್ಞರ ಒತ್ತಾಯದ ಫಲವಾಗಿ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಸಾಮಾನ್ಯವಾಗಿ ಬಳಸುವ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕಕ್ಕೆ ಬಗ್ಗದ ಹೊಸ ಪ್ರಭೇದವೊಂದನ್ನು 2020ರಲ್ಲಿ ಜಪಾನಿನ ಸಂಶೋಧಕರು ವರ್ಣಿಸಿ, ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಭಾರತದ ಹೆಸರನ್ನು ಹೊತ್ತ ಆ ಶಿಲೀಂಧ್ರ ಇಂದು ಹಲವು ಖಂಡಗಳಲ್ಲಿ ಪತ್ತೆಯಾಗಿದೆ.

ಮಕ್ಕಳ ಭೇದಿಯ ವಿಷಯದಲ್ಲಿ ಕಥೆ ಇನ್ನೂ ಸರಳ. ಬೇಕಾದದ್ದು ಓಆರ್‌ಎಸ್ ದ್ರಾವಣ ಮತ್ತು 10ರಿಂದ 14 ದಿನ ಸತು ಮಾತ್ರೆ; ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಜಂಟಿಯಾಗಿ ನೀಡಿದ ಸಲಹೆಯಿದು. ಕೊಡುವುದು ಎರಡು ಆಂಟಿಬಯಾಟಿಕ್‌ಗಳನ್ನು ಒಂದರಲ್ಲೇ ಬೆರೆಸಿದ ಔಷಧ. ಓಆರ್‌ಎಸ್ ಕೇಳಿದವರಿಗೂ ಅದೇ ಹೆಸರು ಹೊತ್ತ ಸಿಹಿ ಪಾನೀಯ ದೊರೆಯುತ್ತಿದ್ದ ಕಾಲವಿತ್ತು. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ.

ಅದೇ ತಿಂಗಳು ಮಧ್ಯಪ್ರದೇಶದ ಛಿಂದವಾಡದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಸೇವಿಸಿ ಮಕ್ಕಳು ಸಾವನ್ನಪ್ಪಿದ ಸುದ್ದಿ ದೇಶವನ್ನು ಕಲಕಿತು. ಸಿರಪ್ಪಿನ ಗುಣಮಟ್ಟದ ಬಗ್ಗೆ ಬಹಳ ಚರ್ಚೆಯಾಯಿತು, ಆಗಬೇಕಾದದ್ದೇ. ಆದರೆ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅಕ್ಟೋಬರ್ 3ರಂದು ಹೊರಡಿಸಿದ ಸಲಹೆಯಲ್ಲಿ ಇನ್ನೊಂದು ಮಾತಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂಬುದೇ ಅದು. ಶುದ್ಧವಾದ ಸಿರಪ್ ಕೂಡ ಆ ವಯಸ್ಸಿನ ಬಹುಪಾಲು ಮಕ್ಕಳಿಗೆ ಬೇಕಿರಲಿಲ್ಲ ಎಂಬ ಅಂಶ ಚರ್ಚೆಯ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ನಿವೃತ್ತರು ಹೆಚ್ಚಾಗಿ ನೆಲೆಸಿರುವ ಬಸವೇಶ್ವರನಗರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ಚೀಟಿಗಳಿಗೇನೂ ಕೊರತೆಯಿಲ್ಲ. ಹೃದಯಕ್ಕೊಬ್ಬರು, ಮಂಡಿಗೊಬ್ಬರು, ಸಕ್ಕರೆ ಕಾಯಿಲೆಗೊಬ್ಬರು ವೈದ್ಯರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರುವುದಿಲ್ಲ. ರಕ್ತದೊತ್ತಡಕ್ಕೆಂದು ರಾಮಿಪ್ರಿಲ್, ಕಾಲಿನ ಊತಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ, ಮಂಡಿನೋವಿಗೆಂದು ಡೈಕ್ಲೋಫೆನಾಕ್ ಹೀಗೆ ಮೂರನ್ನೂ ಒಟ್ಟಿಗೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವವಿದೆ. ಪ್ರತಿಯೊಂದು ಮಾತ್ರೆಯೂ ಪ್ರತ್ಯೇಕವಾಗಿ ಸರಿಯೇ. ಮೂರೂ ಸೇರುವುದು ಮಾತ್ರೆ ಡಬ್ಬಿಯಲ್ಲಿ, ಆ ಡಬ್ಬಿಯನ್ನು ಯಾವ ವೈದ್ಯರೂ ಕಂಡಿರುವುದಿಲ್ಲ. ಪ್ಯಾರಾಸಿಟಮಾಲ್‌ನ ಕಥೆಯೂ ಇಂಥದ್ದೇ. ಡೋಲೋ, ಕ್ರೋಸಿನ್, ಕ್ಯಾಲ್‌ಪಾಲ್ ಎಲ್ಲವೂ ಅದೇ ಔಷಧ. ನೆಗಡಿಯ ಮಾತ್ರೆಯಲ್ಲೂ, ಕೆಲವು ನೋವಿನ ಮಾತ್ರೆಗಳಲ್ಲೂ ಅದು ಅಡಗಿರುತ್ತದೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದೆಂಬ ಮಿತಿಯನ್ನು ಬೇರೆ ಬೇರೆ ಹೆಸರುಗಳ ಮರೆಯಲ್ಲಿ ದಾಟಿಬಿಡುವುದು ಕಷ್ಟವೇನಲ್ಲ.

ಕೆಂಪು ಗೆರೆ ಮತ್ತು ಕಾನೂನು

ಕಾನೂನಿಲ್ಲವೆಂದು ಯಾರೂ ದೂರುವಂತಿಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಅಡಿಯಲ್ಲಿ 1945ರಲ್ಲಿ ರಚಿತವಾದ ನಿಯಮಗಳ ಅನುಸೂಚಿ ‘ಎಚ್’ನಲ್ಲಿರುವ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದು ಸಾಲದೆಂದು 2013ರ ಆಗಸ್ಟ್‌ನಲ್ಲಿ ‘ಎಚ್1’ ಎಂಬ ಹೊಸ ಅನುಸೂಚಿ ಪ್ರಕಟವಾಗಿ, 2014ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಕೆಲವು ಮಾತ್ರೆಗಳು ಸೇರಿ ಮೊದಲಿಗೆ 46 ಔಷಧಗಳು ಅದರಲ್ಲಿದ್ದವು. ಇವುಗಳನ್ನು ಮಾರಿದಾಗ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ, ಮೂರು ವರ್ಷ ಕಾಪಾಡಬೇಕು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು 2016ರಲ್ಲಿ ಪ್ರಚಾರಾಂದೋಲನವೂ ನಡೆಯಿತು.

ನಿಯಮಾವಳಿಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ವಿಧಿಯಿದೆ. ಅನುಸೂಚಿ ‘ಎಚ್’ನ ಔಷಧವನ್ನು ಬರೆದಿರುವ ಚೀಟಿಗೆ ಪ್ರತಿಯಾಗಿ ಬೇರೆ ತಯಾರಿಕೆಯನ್ನು, ಅದರೊಳಗಿನ ಅಂಶ ಒಂದೇ ಆಗಿದ್ದರೂ, ಕೊಡಕೂಡದು ಎನ್ನುತ್ತದೆ ನಿಯಮ 65ರ 11ಎ ಉಪವಿಧಿ. ಅಂದರೆ ವೈದ್ಯರು ಕಂಪನಿ ಹೆಸರಿನಲ್ಲಿ ಬರೆದರೆ, ಅದೇ ಔಷಧದ ಅಗ್ಗದ ರೂಪ ಕಪಾಟಿನಲ್ಲಿದ್ದರೂ ಫಾರ್ಮಸಿಸ್ಟರ ಕೈ ಕಟ್ಟಿದಂತೆ. ‘ಅದಿಲ್ಲ, ಬೇರೆ ಕಂಪನಿಯದು ಇದೆ, ಒಳಗಿರೋದು ಅದೇ’ ಎಂದು ನಿತ್ಯ ಕೇಳಿಬರುವ ಮಾತು ಕಾನೂನಿನ ಕಣ್ಣಲ್ಲಿ ಉಲ್ಲಂಘನೆ. ಬದಲಿ ಕೊಡುವ ಜ್ಞಾನವುಳ್ಳವನಿಗೆ ಅಧಿಕಾರವಿಲ್ಲ, ಮೂಲ ಹೆಸರಿನಲ್ಲಿ ಬರೆಯಬಲ್ಲವರಿಗೆ ಒತ್ತಾಯವಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ ಆರಂಭದಲ್ಲಿ ಮೂಲ ಹೆಸರನ್ನೇ ಬರೆಯಬೇಕೆಂದು ಕಡ್ಡಾಯಗೊಳಿಸಿತು. ಗುಣಮಟ್ಟದ ಖಾತರಿ ಎಲ್ಲಿ ಎಂದು ವೈದ್ಯರ ಸಂಘಗಳು ಆಕ್ಷೇಪಿಸಿದ ಮೇಲೆ ಅದೇ ತಿಂಗಳು ಆ ನಿಯಮಗಳನ್ನು ತಡೆಹಿಡಿಯಿತು. ಆಕ್ಷೇಪವನ್ನು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ. ಅಗ್ಗದ ಔಷಧದ ಮೇಲೆ ನಂಬಿಕೆ ಹುಟ್ಟದ ಹೊರತು ಅದನ್ನು ಯಾವ ಆದೇಶವೂ ಓಡಿಸಲಾರದು.

ಮಿಶ್ರಣ ಔಷಧಗಳ ನಿಷೇಧದ ಇತಿಹಾಸವೂ ಇದೇ ಜಾಡಿನದು. 2016ರ ಮಾರ್ಚ್ 10ರಂದು 344 ಮಿಶ್ರಣಗಳನ್ನು ಕೇಂದ್ರ ನಿಷೇಧಿಸಿತು. ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಸೂಚನೆಯಂತೆ ಮರುಪರಿಶೀಲನೆ ನಡೆದು 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳು, 2023ರಲ್ಲಿ 14, 2024ರ ಆಗಸ್ಟ್‌ನಲ್ಲಿ 156 ನಿಷೇಧಗೊಂಡವು. ಪ್ರತಿ ಬಾರಿಯೂ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ಔಷಧಗಳ ವಿರುದ್ಧ ಧಾರವಾಡ ಮೂಲದ ಡ್ರಗ್ ಆಕ್ಷನ್ ಫೋರಂ–ಕರ್ನಾಟಕ, ಡಾ. ಗೋಪಾಲ ದಾಬಡೆ ಮೊದಲಾದವರ ಮೂಲಕ, ಸರ್ಕಾರಗಳು ಎಚ್ಚೆತ್ತುಕೊಳ್ಳುವುದಕ್ಕೆ ಬಹಳ ಮೊದಲೇ ದನಿಯೆತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ವಿಜಯನಗರದ ಮಾಹಿತಿ ಕೇಂದ್ರ

ಒಂದು ಔಷಧದ ಬಗ್ಗೆ ವೈದ್ಯರಿಗೆ ಅಥವಾ ಫಾರ್ಮಸಿಸ್ಟರಿಗೆ ಸಂದೇಹ ಬಂದರೆ ಯಾರನ್ನು ಕೇಳಬೇಕು? ಭಾರತದಲ್ಲಿ ಇದಕ್ಕೆ ದೀರ್ಘಕಾಲ ಒಂದೇ ಉತ್ತರವಿತ್ತು: ಕಂಪನಿಯ ಪ್ರತಿನಿಧಿಯನ್ನು. ಚರ್ಮದ ಚೀಲ ಹಿಡಿದು ಕ್ಲಿನಿಕ್ಕಿನ ಹೊರಗೆ ಕಾಯುವ ಮೆಡಿಕಲ್ ರೆಪ್ ತನ್ನ ಕೆಲಸವನ್ನು ತಾನು ಮಾಡುತ್ತಾನೆ. ಆದರೆ ತಾನು ಮಾರುವ ಔಷಧ ಈ ರೋಗಿಗೆ ಬೇಡವೆಂದು ಹೇಳುವುದು ಆತನ ಕೆಲಸವಲ್ಲ.

ಈ ಕೊರತೆಯನ್ನು ತುಂಬಲು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಮೊದಲ ಔಷಧ ಮಾಹಿತಿ ಕೇಂದ್ರ ಸ್ಥಾಪನೆಯಾಗಿತ್ತು. ಕರ್ನಾಟಕದಲ್ಲಿ ಆ ಕೆಲಸಕ್ಕೆ ಮುಂದಾದದ್ದು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು. 1948ರ ಫಾರ್ಮಸಿ ಕಾಯ್ದೆಯಂತೆ ಫಾರ್ಮಸಿಸ್ಟರ ನೋಂದಣಿ ಮಾಡುವುದು ಇಂಥ ಪರಿಷತ್ತುಗಳ ಶಾಸನಬದ್ಧ ಹೊಣೆ. ಅದರಾಚೆಗೆ ಹೋಗಬೇಕೆಂಬ ನಿರ್ಬಂಧವೇನೂ ಇರಲಿಲ್ಲ. ಆದರೂ ವಿಜಯನಗರ ಕ್ಲಬ್ ರಸ್ತೆಯಲ್ಲಿ ಕಚೇರಿ ಹೊಂದಿರುವ ಈ ಪರಿಷತ್ತು 1997ರಲ್ಲಿ ತನ್ನದೇ ಆದ ಔಷಧ ಮಾಹಿತಿ ಮತ್ತು ಸಂಶೋಧನಾ ಕೇಂದ್ರವನ್ನು ತೆರೆಯಿತು. ಅದೇ ಕಾಲಕ್ಕೆ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಆಸ್ಪತ್ರೆಯ ವಾರ್ಡುಗಳಲ್ಲಿ ಫಾರ್ಮಸಿಸ್ಟರಿಗೆ ತರಬೇತಿ ನೀಡುವ ಸ್ನಾತಕೋತ್ತರ ಶಿಕ್ಷಣಕ್ಕೆ ನಾಂದಿ ಹಾಡಿತ್ತೆಂಬುದು ಕಾಕತಾಳೀಯವಲ್ಲ. ಔಷಧ ಮಾರುವವನು ಔಷಧದ ಬಗ್ಗೆ ಹೇಳಬಲ್ಲವನೂ ಆಗಬೇಕೆಂಬ ಯೋಚನೆ ಆಗ ರಾಜ್ಯದಲ್ಲಿ ಬೇರೂರತೊಡಗಿತ್ತು.

ಇಂಥ ಕೇಂದ್ರದ ಕೆಲಸದ ಕ್ರಮ ಮೇಲುನೋಟಕ್ಕೆ ಸರಳ. ಪ್ರಶ್ನೆ ಬರುತ್ತದೆ, ಉತ್ತರ ಹೋಗುತ್ತದೆ. ಆದರೆ ‘ಗರ್ಭಿಣಿಗೆ ಈ ಮಾತ್ರೆ ಕೊಡಬಹುದೇ’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದೇ ಪದದ ಉತ್ತರ ಅಪಾಯಕಾರಿ. ಎಷ್ಟನೆಯ ತಿಂಗಳು, ಕಾಯಿಲೆ ಏನು, ಈಗಾಗಲೇ ಸೇವಿಸಿಬಿಟ್ಟಿದ್ದಾರೆಯೇ, ಬೇರೆ ಔಷಧಗಳೇನು ಎಂದು ಮರುಪ್ರಶ್ನೆ ಹಾಕಿ, ಪ್ರಮಾಣಿತ ಗ್ರಂಥಗಳನ್ನೂ ಹೊಸ ಸಂಶೋಧನೆಗಳನ್ನೂ ತಾಳೆ ನೋಡಿ, ಆಧಾರಸಹಿತ ಉತ್ತರ ಸಿದ್ಧಪಡಿಸಿ, ಅದನ್ನು ದಾಖಲಿಸಿಡಬೇಕು. ಕೇಂದ್ರದ ಬೆಲೆಯಿರುವುದು ಈ ಉತ್ತರದ ಹಿಂದೆ ಮಾರಾಟಗಾರರ ಹಣವಿಲ್ಲ ಎಂಬುದರಲ್ಲಿ. ವಿಜಯನಗರದ ಕೇಂದ್ರ ಈ ಸೇವೆಯ ಜೊತೆಗೆ ಫಾರ್ಮಸಿಸ್ಟರಿಗಾಗಿ ವಾರ್ತಾಪತ್ರಿಕೆಯನ್ನೂ ಹೊರತಂದಿತು. 2000ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಭಾರತ ಕಚೇರಿ ಇದೇ ಪರಿಷತ್ತಿನ ಸಹಯೋಗದಲ್ಲಿ ಹರಿಯಾಣದ ಸಿರ್ಸಾ, ಛತ್ತೀಸ್‌ಗಢದ ದುರ್ಗ್, ರಾಜಸ್ಥಾನದ ಜೈಪುರ, ಅಸ್ಸಾಂನ ದಿಬ್ರುಗಢ ಮತ್ತು ಗೋವಾದ ಪಣಜಿಗಳಲ್ಲಿ ಮಾಹಿತಿ ಕೇಂದ್ರಗಳ ಸ್ಥಾಪನೆಗೆ ನೆರವಾಯಿತು. ಬೆಂಗಳೂರಿನ ಒಂದು ಬಡಾವಣೆಯ ಪ್ರಯೋಗ ಐದು ರಾಜ್ಯಗಳಿಗೆ ಹಬ್ಬಿದ ಈ ಸಂಗತಿ ವಿಜಯನಗರದ ನಿವಾಸಿಗಳಿಗೇ ಅಷ್ಟಾಗಿ ತಿಳಿದಂತಿಲ್ಲ.

ಆದರೂ ಕೌಂಟರಿನ ಪ್ರಶ್ನೆ ಉಳಿದೇ ಉಳಿಯುತ್ತದೆ. ಮಾಹಿತಿ ಕೇಂದ್ರ ಕೇಳಿದವರಿಗೆ ಉತ್ತರಿಸುತ್ತದೆ. ಕೇಳಲು ವ್ಯವಧಾನ ಬೇಕು. ನೋಂದಾಯಿತ ಫಾರ್ಮಸಿಸ್ಟರ ಉಸ್ತುವಾರಿಯಲ್ಲೇ ಔಷಧ ವಿತರಿಸಬೇಕೆಂಬ ನಿಯಮವಿದ್ದರೂ, ಸಂಜೆಯ ನೂಕುನುಗ್ಗಲಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಿರುವವರು ಎಲ್ಲ ಅಂಗಡಿಗಳಲ್ಲೂ ಅವರೇ ಎಂದು ಹೇಳಲಾಗದು. ಮೆಡಿಕಲ್ ರೆಪ್‌ಗಳ ಉಡುಗೊರೆ, ಪ್ರವಾಸಗಳನ್ನು ನಿಷೇಧಿಸುವ ಮಾರಾಟ ಸಂಹಿತೆ 2024ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಬಂದಿತಾದರೂ, ದೂರುಗಳ ವಿಚಾರಣೆಯನ್ನು ಕಂಪನಿಗಳ ಸಂಘಗಳ ಸಮಿತಿಗಳಿಗೇ ಒಪ್ಪಿಸಲಾಯಿತು. ಬೇಲಿ ಕಾಯುವ ಕೆಲಸವನ್ನು ಹೊಲದೊಳಗಿನವರಿಗೇ ವಹಿಸಿದಂತಾಯಿತೆಂಬ ಟೀಕೆಗೆ ಕಾರಣವಿಲ್ಲದಿಲ್ಲ.

ಮಾಗಡಿ ರಸ್ತೆಯ ಉಗ್ರಾಣ

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯಲ್ಲಿ 1999ರಲ್ಲಿ ರಾಜ್ಯ ಸರ್ಕಾರ ರಚಿಸಿದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ 2001ರಲ್ಲಿ ಅಂತಿಮ ವರದಿ ನೀಡಿದಾಗ, ಆರೋಗ್ಯ ಕ್ಷೇತ್ರದ ಪ್ರಮುಖ ಸಮಸ್ಯೆಗಳ ಸಾಲಿನಲ್ಲಿ ಭ್ರಷ್ಟಾಚಾರವನ್ನು ಮೊದಲಿಗೇ ಹೆಸರಿಸಿತು. ಆ ಹೊತ್ತಿಗೆ ತಮಿಳುನಾಡು 1994ರಲ್ಲೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಸ್ಥಾಪಿಸಿ, ಸೀಮಿತ ಪಟ್ಟಿ, ಮೂಲ ಹೆಸರು, ಒಟ್ಟಾರೆ ಖರೀದಿ, ಪ್ರಯೋಗಾಲಯ ಪರೀಕ್ಷೆ ಎಂಬ ನಾಲ್ಕು ಕ್ರಮಗಳಿಂದ ಬೆಲೆ ಇಳಿಸಿ ತೋರಿಸಿತ್ತು. ಕರ್ನಾಟಕದಲ್ಲಿ ಹಳೆಯ ಸರ್ಕಾರಿ ಔಷಧ ಮಳಿಗೆಯ ಜಾಗದಲ್ಲಿ 2000ರ ದಶಕದ ಆರಂಭದಲ್ಲಿ ಡ್ರಗ್ ಲಾಜಿಸ್ಟಿಕ್ಸ್ ಅಂಡ್ ವೇರ್‌ಹೌಸಿಂಗ್ ಸೊಸೈಟಿ ಅಸ್ತಿತ್ವಕ್ಕೆ ಬಂದು, ಮುಂದೆ ಅದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಾಯಿತು. ಕಚೇರಿ ಇರುವುದು ಮಾಗಡಿ ರಸ್ತೆಯ ಡಾ. ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿ, ಕುಷ್ಠರೋಗ ಆಸ್ಪತ್ರೆಯ ಪಕ್ಕದಲ್ಲಿ.

ಆ ನೆರೆಹೊರೆ ಅರ್ಥಪೂರ್ಣ. ಕುಷ್ಠರೋಗಕ್ಕೆ 1940ರ ದಶಕದಿಂದ ಡ್ಯಾಪ್ಸೋನ್ ಎಂಬ ಒಂದೇ ಔಷಧವನ್ನು ವರ್ಷಗಟ್ಟಲೆ ನೀಡಲಾಗುತ್ತಿತ್ತು. ರೋಗಾಣು ಅದಕ್ಕೆ ಬಗ್ಗದಂತಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಫಾಂಪಿಸಿನ್, ಕ್ಲೋಫಜಿಮಿನ್, ಡ್ಯಾಪ್ಸೋನ್ ಸೇರಿದ ಬಹು ಔಷಧ ಚಿಕಿತ್ಸೆಯನ್ನು, ನಿಗದಿತ ಪ್ರಮಾಣದಲ್ಲಿ, ನಿಗದಿತ ಅವಧಿಗೆ ಶಿಫಾರಸು ಮಾಡಿತು. ಜೀವನವಿಡೀ ರೋಗಿಯಾಗಿ ಉಳಿಯಬೇಕಾಗಿದ್ದವರು ತಿಂಗಳುಗಳಲ್ಲಿ ಗುಣಮುಖರಾದರು. ಮಿಶ್ರಣವೆಂದರೆ ಎಲ್ಲವೂ ಕೆಟ್ಟದ್ದೆಂದು ತಿಳಿದವರಿಗೆ ಇದು ಉತ್ತರ. ಹುಳುಕಡ್ಡಿಯ ಟ್ಯೂಬಿಗೂ ಇದಕ್ಕೂ ಇರುವ ವ್ಯತ್ಯಾಸ, ಪ್ರತಿ ಅಂಶವೂ ಅಲ್ಲಿ ಏಕಿದೆ ಎಂಬುದಕ್ಕೆ ಇಲ್ಲಿ ಕಾರಣವಿರುವುದು.

ಖರೀದಿ ವ್ಯವಸ್ಥೆ ಎಡವಿದರೆ ಏನಾಗುತ್ತದೆಂಬುದನ್ನು 2024ರ ನವೆಂಬರ್ ತೋರಿಸಿತು. ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಐವರು ಬಾಣಂತಿಯರು ಮೃತಪಟ್ಟಾಗ, ನಿಗಮದ ಮೂಲಕ ಪೂರೈಕೆಯಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿದ್ದಿತು. ಸರ್ಕಾರ ಆ ದ್ರಾವಣದ ಬಳಕೆಯನ್ನು ತಡೆದು, ರಾಜ್ಯ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಉಚಿತ ಔಷಧದ ಮೇಲಿನ ವಿಶ್ವಾಸ ಒಮ್ಮೆ ಕುಸಿದರೆ, ಜನ ಮರಳಿ ಹೋಗುವುದು ಖಾಸಗಿ ಅಂಗಡಿಯ ದುಬಾರಿ ಹೆಸರಿನ ಬಳಿಗೇ.

ಬೆಲೆಯ ಮಾತು

ಪೀಣ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶಗಳ ಕಾರ್ಮಿಕರ ಪಾಲಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ದೊಡ್ಡ ಆಸರೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಈ ವಿಮೆಯ ವ್ಯಾಪ್ತಿಗೆ ಬರುತ್ತಾರೆಂಬ ಮಿತಿ 2017ರಲ್ಲಿ ನಿಗದಿಯಾಯಿತು. ಔಷಧದ ಹಣವನ್ನು ಸಂಬಳದಿಂದಲೇ ಮುಂಗಡವಾಗಿ ತೆತ್ತಿರುವ ಕಾರ್ಮಿಕ, ಸರತಿಯ ಸಾಲಿಗೆ ಅಂಜಿ ಬೀದಿಯ ಅಂಗಡಿಯಲ್ಲಿ ಮತ್ತೊಮ್ಮೆ ತೆರುವುದು ನಿತ್ಯದ ನೋಟ. ಅರ್ಧ ದಿನದ ಕೂಲಿ ಕಳೆದುಕೊಳ್ಳುವುದಕ್ಕಿಂತ ಅದೇ ಮೇಲೆಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಅವಿವೇಕವೆನ್ನುವುದು ಕಷ್ಟ. 2022ರ ಡಿಸೆಂಬರ್‌ನಿಂದ ಆರಂಭವಾದ ನಮ್ಮ ಕ್ಲಿನಿಕ್‌ಗಳು ಮನೆ ಸಮೀಪದಲ್ಲೇ ಉಚಿತ ತಪಾಸಣೆ ಮತ್ತು ಔಷಧ ನೀಡುವ ಉದ್ದೇಶ ಹೊಂದಿದ್ದು ಇದೇ ಕಾರಣಕ್ಕೆ.

2008ರಲ್ಲಿ ಆರಂಭವಾಗಿ, 2015ರ ನಂತರ ಚುರುಕುಗೊಂಡ ಜನೌಷಧಿ ಮಳಿಗೆಗಳಲ್ಲಿ ಅನೇಕ ಔಷಧಗಳ ಬೆಲೆ ಹೆಸರಾಂತ ಕಂಪನಿಗಳದ್ದಕ್ಕಿಂತ ಶೇ. 50ರಿಂದ 80ರಷ್ಟು ಕಡಿಮೆ ಎಂದು ಕೇಂದ್ರ ಸರ್ಕಾರ ಹೇಳುತ್ತ ಬಂದಿದೆ. ಔಷಧ ಉಚಿತವಾಗಿಯೇ ದೊರೆಯಬೇಕಾದ ಕಡೆ ಮಾರಾಟ ಮಳಿಗೆ ಏಕೆಂಬ ಕಾರಣ ನೀಡಿ, ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿನ ಇಂಥ ಮಳಿಗೆಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಆದೇಶ ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾಯಿತು. ಉಚಿತ ಔಷಧ ನಿಜಕ್ಕೂ ದಾಸ್ತಾನಿದ್ದರೆ ಸರ್ಕಾರದ ವಾದ ಸರಿ. ಇಲ್ಲದ ದಿನ ರೋಗಿಗೆ ಯಾವ ಮಳಿಗೆ ಹತ್ತಿರವಿದೆ ಎಂಬುದೇ ಮುಖ್ಯವಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ರೂಪಿಸಿದ ಸೂಚಕಗಳಿಂದ ಯಾವುದೇ ಚಿಕಿತ್ಸಾಲಯದ ಔಷಧ ಪದ್ಧತಿಯನ್ನು ಅಳೆಯಬಹುದು. ಒಂದು ಚೀಟಿಯಲ್ಲಿ ಸರಾಸರಿ ಎಷ್ಟು ಔಷಧಗಳು, ಎಷ್ಟು ಮೂಲ ಹೆಸರಿನಲ್ಲಿವೆ, ಆಂಟಿಬಯಾಟಿಕ್ ಎಷ್ಟರಲ್ಲಿದೆ, ಇಂಜೆಕ್ಷನ್ ಎಷ್ಟರಲ್ಲಿದೆ, ಅತ್ಯಗತ್ಯ ಪಟ್ಟಿಯಿಂದ ಎಷ್ಟು ಬಂದಿವೆ ಎಂಬ ಐದು ಲೆಕ್ಕಗಳಿಗಾಗಿ ಸಮೀಕ್ಷೆಯೊಂದರಲ್ಲಿ ಕನಿಷ್ಠ 600 ಚೀಟಿಗಳನ್ನು ನೋಡಬೇಕೆನ್ನುತ್ತದೆ ಅದು. ತಮ್ಮ ಮನೆಯ ಹಳೆಯ ಹತ್ತು ಚೀಟಿಗಳನ್ನು ಹರವಿಕೊಂಡು ಇದೇ ಲೆಕ್ಕ ಹಾಕಲು ಓದುಗರಿಗೂ ಅಡ್ಡಿಯಿಲ್ಲ.

ವೃದ್ಧರಿರುವ ಮನೆಗಳಲ್ಲಿ ವರ್ಷಕ್ಕೆರಡು ಬಾರಿ ಎಲ್ಲ ಮಾತ್ರೆ, ಟಾನಿಕ್, ಮುಲಾಮುಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬ ವೈದ್ಯರಿಗೆ ತೋರಿಸಿ, ಯಾವುದನ್ನು ನಿಲ್ಲಿಸಬಹುದೆಂದು ಕೇಳುವುದು ಒಳ್ಳೆಯದು. ತಾವಾಗಿಯೇ ನಿಲ್ಲಿಸುವುದು ಸಲ್ಲದು. ರಕ್ತದೊತ್ತಡ, ಮೂರ್ಛೆರೋಗದ ಔಷಧಗಳನ್ನೂ, ಬಹುದಿನ ಸೇವಿಸಿದ ಸ್ಟೀರಾಯ್ಡನ್ನೂ ಹಠಾತ್ತನೆ ಬಿಟ್ಟರೆ ಪ್ರಾಣಾಪಾಯವಾಗಬಹುದು.

ಉಳಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯುವ ಅಭ್ಯಾಸವೂ ಬಿಡಬೇಕಾದದ್ದೇ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು ಔಷಧದ ಅಂಶ ತೆಗೆಯಲೆಂದು ರೂಪಿಸಿಲ್ಲ. ಪಶ್ಚಿಮ ಬೆಂಗಳೂರಿನ ಕೊಳಚೆಯ ಬಹುಪಾಲನ್ನು ಹೊತ್ತ ವೃಷಭಾವತಿ ಕೆಂಗೇರಿಯನ್ನು ಹಾದು ಅರ್ಕಾವತಿಯನ್ನೂ, ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ನೀಡಿದ ಮಾರ್ಗಸೂಚಿಯಂತೆ ದುರ್ಬಳಕೆಯ ಅಪಾಯವಿರುವ 17 ಔಷಧಗಳನ್ನು ಮಾತ್ರ ಹಾಗೆ ಸುರಿಯಬಹುದು.

ಔಷಧ ಸೇವಿಸಿದ ಮೇಲೆ ಗಂದೆ, ಉಬ್ಬಸ, ಅಸಾಮಾನ್ಯ ಸುಸ್ತು ಮೊದಲಾದವು ಕಂಡುಬಂದರೆ ಮೊದಲು ವೈದ್ಯರನ್ನು ಕಾಣಬೇಕು. ಬಳಿಕ ಅದನ್ನು ವರದಿ ಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024 ಇದೆ. ವೈದ್ಯರಷ್ಟೇ ಅಲ್ಲದೆ ರೋಗಿಗಳೂ ವರದಿ ಸಲ್ಲಿಸಬಹುದು. ಅದಕ್ಕೆ ಬೇಕಾದ ನಮೂನೆ ಕನ್ನಡದಲ್ಲಿಯೂ ಇದೆ.